ಕಾಲೇಜಿನಲ್ಲಿ ರಕ್ತದಾನ ಶಿಬಿರ ಮಾಡೋದು ಹೇಗೆ?

ಹೊಸ ವರ್ಷದ ಕ್ಲಾಸು ಶುರುವಾಗಿ ತಿಂಗಳಾಗುವುದರೊಳಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತದೆ. "ಈ ಸಲ ಎನ್‌ಎಸ್‌ಎಸ್ ಲೀಡರ್ ಆಗಿದ್ದೀನಿ. ರಕ್ತದಾನ ಶಿಬಿರ ಮಾಡಬೇಕು ಅಂತ ಸರ್ ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ?" ಕೇಳುವವರು ಕೆಲವು ಸಲ ಯೂತ್ ರೆಡ್ ಕ್ರಾಸ್‌ನವರು, ಕೆಲವು ಸಲ ರೋಟರಾಕ್ಟ್‌ನವರು. ಎಲ್ಲರಿಗೂ ನನ್ನ ಮೊದಲ ಮಾತು ಒಂದೇ: ಬ್ಯಾನರ್‌ನಿಂದ ಶುರು ಮಾಡಬೇಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಶಿಬಿರ ಮುಗಿದ ಮೇಲೆ ಎಲ್ಲರೂ "ಎಷ್ಟು ಯೂನಿಟ್ ಆಯ್ತು?" ಅಂತ ಕೇಳುತ್ತಾರೆ. ಯೂನಿಟ್ ಅಂದರೆ ಒಬ್ಬರು ಒಂದು ಸಲ ಕೊಟ್ಟ ಒಂದು ಚೀಲ ರಕ್ತ. ನಾನು ಕೇಳುವುದು ಬೇರೆ: ಮೊದಲ ಸಲ ಕೊಟ್ಟವರಲ್ಲಿ ಎಷ್ಟು ಜನ ಎರಡನೇ ಸಲ ಬಂದರು? ಹತ್ತೊಂಬತ್ತು ವರ್ಷದ ಹುಡುಗಿಗೆ ಮೊದಲ ಅನುಭವ ಚೆನ್ನಾಗಿದ್ದರೆ ಮುಂದಿನ ನಲವತ್ತು ವರ್ಷ ಕೊಡುತ್ತಾಳೆ. ಕೆಟ್ಟದಾಗಿದ್ದರೆ ಆಸ್ಪತ್ರೆ ವಾಸನೆ ಬಂದರೂ ದೂರ ಹೋಗುತ್ತಾಳೆ. ಕೆಳಗೆ ಹೇಳುವ ಬಹಳಷ್ಟು ವಿಷಯ ಈ ಲೆಕ್ಕದಿಂದಲೇ ಬಂದದ್ದು.

ಒಟ್ಟು ಆರು ವಾರ ಕೈಯಲ್ಲಿಟ್ಟುಕೊಳ್ಳಿ. ಹತ್ತು ದಿನದಲ್ಲಿ ಮಾಡಿದವರೂ ಇದ್ದಾರೆ. ಅವರ ಪರದಾಟ ನೋಡಿದ್ದೇನೆ, ಬೇಡ.

1. ಮೊದಲು ರಕ್ತ ಕೇಂದ್ರಕ್ಕೆ ಹೋಗಿ

ನಾವು ಬ್ಲಡ್ ಬ್ಯಾಂಕ್ ಅನ್ನುವುದನ್ನು ಈಗ ನಿಯಮಗಳಲ್ಲಿ ರಕ್ತ ಕೇಂದ್ರ ಅನ್ನುತ್ತಾರೆ. ನಮ್ಮ ದೇಶದ ಕಾನೂನಿನಲ್ಲಿ ರಕ್ತವೂ ಒಂದು ಔಷಧವೇ. ಹಾಗಾಗಿ ಲೈಸೆನ್ಸ್ ಇರುವ ರಕ್ತ ಕೇಂದ್ರ ಮಾತ್ರ ಅದನ್ನು ಸಂಗ್ರಹಿಸಬಹುದು. ನೀವು ಶಿಬಿರಕ್ಕೆ ಜಾಗ, ಜನ, ಊಟ ಒದಗಿಸುವವರು. ಸೂಜಿ ಚುಚ್ಚುವುದರಿಂದ ಹಿಡಿದು ಚೀಲ ಸಾಗಿಸುವವರೆಗೆ ಉಳಿದದ್ದೆಲ್ಲ ಅವರ ಕೆಲಸ.

ಜಿಲ್ಲಾಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜು, ರೆಡ್ ಕ್ರಾಸ್, ಖಾಸಗಿ ಆಸ್ಪತ್ರೆ, ಹೀಗೆ ನಾಲ್ಕಾರು ಆಯ್ಕೆ ಸಿಗಬಹುದು. ಕೇಂದ್ರ ಸರ್ಕಾರದ ಇ-ರಕ್ತಕೋಶ್ ತಾಣದಲ್ಲಿ ನಿಮ್ಮ ಜಿಲ್ಲೆಯ ಕೇಂದ್ರಗಳ ಹೆಸರೂ, ಅವರ ಬಳಿ ಯಾವ ಗುಂಪಿನ ರಕ್ತ ಎಷ್ಟಿದೆ ಅನ್ನುವುದೂ ಸಿಗುತ್ತದೆ. ಫೋನ್ ಮಾಡಿ ಮುಗಿಸಬೇಡಿ. ಇಬ್ಬರು ಹೋಗಿ ಕೂತು ಮಾತಾಡಿ. ಕೇಳಬೇಕಾದದ್ದು ಇಷ್ಟು:

- ಒಂದೇ ದಿನ ನೀವು ಎಷ್ಟು ಯೂನಿಟ್ ತೆಗೆದುಕೊಳ್ಳಬಲ್ಲಿರಿ, ನಿಜವಾಗಿ ಎಷ್ಟು ಬೇಕು?
- ರಕ್ತವನ್ನು ಘಟಕಗಳಾಗಿ ಬೇರೆ ಮಾಡುವ ವ್ಯವಸ್ಥೆ ಇದೆಯಾ?
- ಡಾಕ್ಟರ್ ಎಷ್ಟು ಜನ, ಮಂಚ ಎಷ್ಟು? ಮಂಚ ನೀವೇ ತರುತ್ತೀರಾ?
- ವಾಪಸ್ ಕಳಿಸಿದವರಿಗೆ ಕಾರಣ ಯಾರು ವಿವರಿಸುತ್ತಾರೆ?

ಮೊದಲ ಎರಡು ಪ್ರಶ್ನೆ ಬಹಳ ಮುಖ್ಯ. ಘಟಕ ಅಂದರೆ ರಕ್ತದೊಳಗಿನ ಭಾಗ: ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ. ಬೇರೆ ಮಾಡಿದರೆ ಒಂದು ಚೀಲ ಎರಡು ಮೂರು ರೋಗಿಗಳಿಗೆ ಆಗುತ್ತದೆ. ಆದರೆ ಯಾವುದೂ ಶಾಶ್ವತವಾಗಿ ಉಳಿಯುವುದಿಲ್ಲ. ಫ್ರಿಜ್‌ನಲ್ಲಿ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೂ ಕೆಂಪು ಕಣಕ್ಕೆ 35ರಿಂದ 42 ದಿನ ಆಯಸ್ಸು. ಪ್ಲೇಟ್‌ಲೆಟ್‌ಗೆ ಬರೀ 5 ದಿನ. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಮಾತ್ರ ವರ್ಷದವರೆಗೆ ಬಾಳುತ್ತದೆ.

ಈಗ ಲೆಕ್ಕ ಹಾಕಿ. ಸಣ್ಣ ಕೇಂದ್ರಕ್ಕೆ ಒಂದೇ ದಿನ 300 ಯೂನಿಟ್ ತುಂಬಿದರೆ ಪತ್ರಿಕೆಯಲ್ಲಿ ಚೆಂದ ಕಾಣುತ್ತದೆ, ಆದರೆ ಒಂದಷ್ಟು ಅವಧಿ ಮೀರಿ ಚೆಲ್ಲಬೇಕಾಗಬಹುದು. ಅದರ ಬದಲು ವರ್ಷಕ್ಕೆ ಎರಡು ಸಲ 70-80 ಯೂನಿಟ್ ಕೊಡಿ. "ದಾಖಲೆ ಮಾಡೋಣ" ಅನ್ನುವವರು ನಿಮ್ಮ ತಂಡದಲ್ಲೇ ಇರುತ್ತಾರೆ. ನಯವಾಗಿ ಕೂರಿಸಿ.

ಎಚ್ಚರಿಕೆ: "ನಮ್ಮನ್ನು ಕರೆಯಿರಿ, ಎಲ್ಲರಿಗೂ ಬ್ಯಾಗು, ಹೆಲ್ಮೆಟ್ಟು ಕೊಡುತ್ತೇವೆ" ಅನ್ನುವವರ ಮಾತಿಗೆ ಮರುಳಾಗಬೇಡಿ. ಯಾಕೆ ಅಂತ 6ನೇ ಹಂತದಲ್ಲಿ ಹೇಳುತ್ತೇನೆ.

2. ಆಮೇಲೆ ದಿನ ನೋಡಿ

ಪಂಚಾಂಗ ನೋಡಿ ಅಂದರೆ ತಮಾಷೆ ಅಂದುಕೊಳ್ಳಬೇಡಿ. ಹಸಿದವರಿಂದ, ಉಪವಾಸ ಇರುವವರಿಂದ ರಕ್ತ ತೆಗೆದುಕೊಳ್ಳುವುದಿಲ್ಲ. ಏಕಾದಶಿ, ನವರಾತ್ರಿ, ಶ್ರಾವಣದ ಸೋಮವಾರ, ರಂಜಾನ್ ತಿಂಗಳು, ಇವುಗಳಲ್ಲಿ ಇಟ್ಟರೆ ಮನಸ್ಸಿದ್ದವರೂ ಕೊಡಲಾಗುವುದಿಲ್ಲ. ಶನಿವಾರ ಒಪ್ಪೊತ್ತು ಮಾಡುವ ಮನೆಗಳೂ ಕಡಿಮೆಯೇನಿಲ್ಲ. ಬುಧವಾರ, ಗುರುವಾರ ಸಾಮಾನ್ಯವಾಗಿ ಸಲೀಸು.

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಜೂನ್ 14 ವಿಶ್ವ ರಕ್ತದಾನಿಗಳ ದಿನ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. ಎರಡೂ ಒಳ್ಳೆಯ ದಿನಗಳೇ. ಆದರೆ ಅಕ್ಟೋಬರ್ 1 ಎಷ್ಟೋ ವರ್ಷ ದಸರಾ ರಜೆಯ ಅಕ್ಕಪಕ್ಕ ಬೀಳುತ್ತದೆ. ಹಾಸ್ಟೆಲ್ ಖಾಲಿ. ಅಲ್ಲದೆ ಆ ದಿನಕ್ಕೆ ಎಲ್ಲ ಕಾಲೇಜಿನವರೂ ಅದೇ ರಕ್ತ ಕೇಂದ್ರದ ಬಾಗಿಲು ತಟ್ಟಿರುತ್ತಾರೆ.

ರಕ್ತಕ್ಕೆ ನಿಜವಾದ ಬರ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಪರೀಕ್ಷೆ, ರಜೆ, ಬಿಸಿಲು ಸೇರಿ ಶಿಬಿರಗಳೇ ನಡೆಯುವುದಿಲ್ಲ. ಹೆರಿಗೆಯಾಗಲಿ, ಅಪಘಾತವಾಗಲಿ ರಜೆ ಹಾಕುವುದಿಲ್ಲ, ಅಲ್ವಾ? ಥಲಸೀಮಿಯಾ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಇದು ಹುಟ್ಟಿನಿಂದ ಬರುವ, ದೇಹ ಸರಿಯಾಗಿ ರಕ್ತ ತಯಾರಿಸದ ಕಾಯಿಲೆ. ಪರೀಕ್ಷೆಗೆ ಮೂರು ವಾರ ಮುಂಚೆ, ಮಾರ್ಚ್ ಕೊನೆಗೆ ಒಂದು ಶಿಬಿರ ಇಟ್ಟರೆ ಕೇಂದ್ರದವರು ನಿಮ್ಮನ್ನು ಮರೆಯುವುದಿಲ್ಲ.

ಇನ್ನೊಂದು ಗುಂಡಿ ಇದೆ. ನಿಮ್ಮದೇ ಕಾಲೇಜಿನ ಇನ್ನೊಂದು ಘಟಕ ಎರಡು ತಿಂಗಳ ಹಿಂದೆ ಶಿಬಿರ ಮಾಡಿದ್ದರೆ ನಿಮಗೆ ಕೊಡಲು ಯಾರೂ ಉಳಿದಿರುವುದಿಲ್ಲ. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟೇ ಮತ್ತೆ ಕೊಡಬೇಕು. ಎಲ್ಲ ಘಟಕದವರೂ ಸೇರಿ ಒಂದೇ ಶಿಬಿರ ಮಾಡುವುದು ಜಾಣತನ. ಯಾರ ಹೆಸರು ಬ್ಯಾನರ್‌ನಲ್ಲಿ ಮೇಲೆ ಬರಬೇಕು ಅನ್ನುವ ಜಗಳವನ್ನು ಮೊದಲ ಸಭೆಯಲ್ಲೇ ಮುಗಿಸಿಕೊಳ್ಳಿ.

3. ಕಾಗದ ಪತ್ರ

ಪ್ರಿನ್ಸಿಪಾಲರಿಗೆ ಒಂದು ಪತ್ರ. ರಕ್ತ ಕೇಂದ್ರಕ್ಕೆ ಕಾರ್ಯಕ್ರಮಾಧಿಕಾರಿಯ ಸಹಿ ಇರುವ ಒಂದು ಪತ್ರ. ಕಾರ್ಯಕ್ರಮಾಧಿಕಾರಿ ಅಂದರೆ ನಿಮ್ಮ ಎನ್‌ಎಸ್‌ಎಸ್ ಘಟಕ ನೋಡಿಕೊಳ್ಳುವ ಅಧ್ಯಾಪಕರು. ಕೇಂದ್ರದವರು ಬರುತ್ತೇವೆ ಎಂದು ಬರೆದುಕೊಟ್ಟ ಒಪ್ಪಿಗೆ. ಸರ್ಕಾರದ ಕಡೆಯ ಅನುಮತಿ, ಮಾಹಿತಿ ಕೊಡುವುದೆಲ್ಲ ರಕ್ತ ಕೇಂದ್ರವೇ ಮಾಡುತ್ತದೆ, ಆದರೆ "ಆಗಿದೆಯಾ?" ಅಂತ ಕೇಳಿ. ಸ್ವಯಂಸೇವಕರ ಹಾಜರಿ ಪುಸ್ತಕ ಇಡಿ. ಎನ್‌ಎಸ್‌ಎಸ್‌ನವರಿಗೆ ವರ್ಷಕ್ಕೆ 120 ಗಂಟೆ ಸೇವೆ ಆಗಬೇಕಲ್ಲ, ಈ ಕೆಲಸವೂ ಅದರಲ್ಲಿ ಸೇರುತ್ತದೆ.

4. ಜಾಗ

ನೆಲಮಹಡಿಯ ಕೋಣೆ ಹಿಡಿಯಿರಿ. ತಲೆ ಸುತ್ತಿದವರು ಮೆಟ್ಟಿಲು ಇಳಿಯುವಂತಾಗಬಾರದು. ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಇನ್ನೊಂದು. ಫ್ಯಾನು, ಒಳ್ಳೆ ಬೆಳಕು, ಕೈ ತೊಳೆಯಲು ನೀರು, ಹತ್ತಿರದಲ್ಲೇ ಶೌಚಾಲಯ ಇರಲಿ. ಚೀಲವನ್ನು ಅಲುಗಾಡಿಸುತ್ತಾ ತೂಗುವ ಯಂತ್ರಕ್ಕೆ ಕರೆಂಟು ಬೇಕು, ಆದ್ದರಿಂದ ಪ್ಲಗ್ ಪಾಯಿಂಟ್ ಎಲ್ಲೆಲ್ಲಿವೆ ಅಂತ ಮೊದಲೇ ನೋಡಿ, ಜನರೇಟರ್ ಇದೆಯಾ ವಿಚಾರಿಸಿ. ವ್ಯಾನ್ ಬಾಗಿಲ ಹತ್ತಿರದವರೆಗೆ ಬರಬೇಕು.

ಡಾಕ್ಟರ್ ಮಾತಾಡಿಸುವ ಮೇಜು ಮಾತ್ರ ಒಂದು ಮೂಲೆಯಲ್ಲಿ, ಪರದೆ ಹಾಕಿ ಇರಲಿ. ಅಲ್ಲಿ ಕೇಳುವ ಪ್ರಶ್ನೆಗಳು ಖಾಸಗಿ. ಹಿಂದೆ ಸಾಲಿನಲ್ಲಿ ಗೆಳೆಯರು ಕಿವಿ ನಿಮಿರಿಸಿ ನಿಂತಿದ್ದರೆ ಯಾರೂ ನಿಜ ಹೇಳುವುದಿಲ್ಲ. ಇದನ್ನು ಹತ್ತರಲ್ಲಿ ಎಂಟು ಕಡೆ ಮರೆಯುತ್ತಾರೆ ಅಂತ ನನ್ನ ಅಂದಾಜು.

5. ಯಾರು ಕೊಡಬಹುದು, ಯಾರು ಬೇಡ

ಈ ಪಟ್ಟಿಯನ್ನು ಹದಿನೈದು ದಿನ ಮೊದಲೇ ಎಲ್ಲ ಕ್ಲಾಸಿನ ಬೋರ್ಡಿಗೆ ಅಂಟಿಸಿ. ಆ ದಿನ ಸಾಲಿನಲ್ಲಿ ನಿಂತು ವಾಪಸ್ ಹೋಗುವ ಬೇಸರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ವಯಸ್ಸು 18 ತುಂಬಿರಬೇಕು. ಪಿಯುಸಿ ಮಕ್ಕಳು ಎಷ್ಟೇ ಹಠ ಮಾಡಿದರೂ ಇಲ್ಲ, ಅಪ್ಪ ಸಹಿ ಹಾಕಿಕೊಟ್ಟರೂ ಇಲ್ಲ. ಅವರನ್ನು ಸ್ವಯಂಸೇವಕರಾಗಿ ಕರೆದುಕೊಳ್ಳಿ. ತೂಕ ಕನಿಷ್ಠ 45 ಕೆ.ಜಿ. ಅಷ್ಟಿದ್ದರೆ 350 ಮಿ.ಲೀ. ತೆಗೆಯುತ್ತಾರೆ. 55 ದಾಟಿದವರಿಂದ 450 ಮಿ.ಲೀ. ತೆಗೆಯಬಹುದು. ನಮ್ಮ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ ಅನ್ನುವುದನ್ನು ಪಕ್ಕದಲ್ಲೇ ಬರೆಯಿರಿ, ಹೆದರಿಕೆ ತಾನಾಗಿ ಇಳಿಯುತ್ತದೆ.

ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಇದು ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ವಸ್ತು. ಗಂಡು ಹೆಣ್ಣು ಇಬ್ಬರಿಗೂ ಒಂದೇ ಅಳತೆ. ಅದಕ್ಕೇ ಹುಡುಗಿಯರು ಜಾಸ್ತಿ ವಾಪಸ್ ಹೋಗುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಧೈರ್ಯ ಮಾಡಿ ಬಂದ ಹುಡುಗಿಗೆ "ರಕ್ತ ಕಮ್ಮಿ ಇದೆ, ಹೋಗಮ್ಮ" ಅಂದರೆ ಆ ಮುಖ ನೋಡಬೇಕು. ಅವಮಾನ ಆದಂತೆ ಹೋಗುತ್ತಾಳೆ. ಹಾಗೆ ಬಿಡಬೇಡಿ. ಅವಳ ಚೀಟಿಯಲ್ಲಿ ಅಂಕಿ ಬರೆಸಿಕೊಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಲು ಹೇಳಿ, ಅಲ್ಲಿ ಕಬ್ಬಿಣಾಂಶದ ಮಾತ್ರೆ ಸಿಗುತ್ತದೆ. ಸೊಪ್ಪು, ಹುರಳಿ, ಕಾಳು ತಿನ್ನಲಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಲಿ. ಊಟ ಆದ ಕೂಡಲೇ ಕಾಫಿ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಡಲಿ. ಶಿಬಿರದ ಹಿಂದಿನ ರಾತ್ರಿ ಬೀಟ್‌ರೂಟ್ ತಿಂದರೆ ಏನೂ ಏರುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ತನಗೆ ರಕ್ತಹೀನತೆ ಇದೆ ಅಂತ ಒಬ್ಬ ಹುಡುಗಿಗೆ ಗೊತ್ತಾದರೂ ಶಿಬಿರ ಒಂದು ಕೆಲಸ ಮಾಡಿತು ಅಂತಲೇ ಲೆಕ್ಕ.

ತಾತ್ಕಾಲಿಕವಾಗಿ ಬೇಡ ಅನ್ನುವುದು ಯಾರಿಗೆ? ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕಾರಣಗಳು ಇವು:

- ಕಳೆದ 12 ತಿಂಗಳಲ್ಲಿ ಟ್ಯಾಟೂ ಹಾಕಿಸಿಕೊಂಡವರು. ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆಯೂ ಇದರಲ್ಲೇ ಬರುತ್ತದೆ.
- ಕಳೆದ ವರ್ಷದೊಳಗೆ ಟೈಫಾಯಿಡ್ ಆದವರು, ಮೂರು ತಿಂಗಳೊಳಗೆ ಮಲೇರಿಯಾ, ಆರು ತಿಂಗಳೊಳಗೆ ಡೆಂಗಿ ಆದವರು.
- ನಾಯಿ ಕಚ್ಚಿ ರೇಬಿಸ್ ಇಂಜೆಕ್ಷನ್ ತೆಗೆದುಕೊಂಡು ವರ್ಷ ಆಗದವರು.
- ಜ್ವರ, ನೆಗಡಿ ಇರುವವರು, ಆ್ಯಂಟಿಬಯೋಟಿಕ್ ನುಂಗುತ್ತಿರುವವರು.
- ಮುಟ್ಟಿನ ದಿನಗಳಲ್ಲಿ ಇರುವವರು.
- ರಾತ್ರಿಯೆಲ್ಲ ನಿದ್ದೆಗೆಟ್ಟವರು. ಪಾರ್ಟ್‌ಟೈಮ್ ರಾತ್ರಿ ಕೆಲಸಕ್ಕೆ ಹೋಗುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ.

ಕಾಮಾಲೆ ಆದವರು, ದಿನಾ ಯಾವುದಾದರೂ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್ ಹತ್ತಿರ ಮುಚ್ಚಿಡದೆ ಹೇಳಬೇಕು. ತೀರ್ಮಾನ ಡಾಕ್ಟರದ್ದು. ನೀವು "ಏನೂ ಆಗಲ್ಲ, ಬಾ" ಅಂತ ಹೇಳಲು ಹೋಗಬೇಡಿ.

6. ಹೆಸರು ಬರೆಸಿಕೊಳ್ಳುವುದು

ಕ್ಲಾಸಿಗೆ ಹೋಗಿ ಐದು ನಿಮಿಷ ಮಾತಾಡಿ. ಭಾಷಣ ಬೇಡ. ಮೊದಲೇ ಕೊಟ್ಟಿರುವ ಸೀನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ, "ಇರುವೆ ಕಚ್ಚಿದ ಹಾಗೆ ಆಯ್ತು, ಆಮೇಲೆ ಬಾಳೆಹಣ್ಣು ತಿಂದೆ" ಅಂತ ಅವರು ಹೇಳಿದರೆ ಸಾಕು. ಸೂಜಿ ಕೈಯಲ್ಲಿರುವುದು 5ರಿಂದ 10 ನಿಮಿಷ. ತೆಗೆದ ರಕ್ತದ ನೀರಿನಂಶ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತದೆ. ಕೆಂಪು ಕಣಕ್ಕೆ ಕೆಲವು ವಾರ ಬೇಕು, ಅದಕ್ಕೇ ಮೂರು ನಾಲ್ಕು ತಿಂಗಳ ಅಂತರ.

ಇಲ್ಲಿ ಎರಡು ತಪ್ಪು ಬಹಳ ನಡೆಯುತ್ತವೆ. ಒಂದು, ಅಂಕ, ಹಾಜರಿ ಆಸೆ ತೋರಿಸುವುದು. "ರಕ್ತ ಕೊಟ್ಟವರಿಗೆ ಇಂಟರ್ನಲ್ಸ್‌ನಲ್ಲಿ ನೋಡ್ಕೋತೀವಿ" ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಹಣಕ್ಕೆ ರಕ್ತ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ ನಿಲ್ಲಿಸಲು ಹೇಳಿತು, 1998ರ ಜನವರಿಯಿಂದ ಅದು ನಿಷೇಧವಾಯಿತು. ಕಾರಣ ಸರಳ. ಏನೋ ಸಿಗುತ್ತದೆ ಅಂತ ಬಂದವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ. ಅಂಕಕ್ಕೂ ಹೆಲ್ಮೆಟ್ಟಿಗೂ ಅದೇ ನ್ಯಾಯ. ಬಿಸ್ಕತ್ತು, ಜ್ಯೂಸು, ಸರ್ಟಿಫಿಕೇಟು ಸಾಕು.

ಎರಡು, "ಉಚಿತ ರಕ್ತ ಪರೀಕ್ಷೆ" ಅಂತ ಪೋಸ್ಟರ್ ಹಾಕುವುದು. ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದಕ್ಕೆ ಪರೀಕ್ಷೆ ಮಾಡುತ್ತಾರೆ ಅನ್ನುವುದು ನಿಜ. ಆದರೆ ಹೊಸದಾಗಿ ತಗುಲಿದ ಸೋಂಕು ಕೆಲವು ದಿನ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅನುಮಾನ ಇದ್ದವರು ಪರೀಕ್ಷೆಗೆಂದು ರಕ್ತ ಕೊಡಲು ಬಂದರೆ ಅಪಾಯ ರೋಗಿಗೆ. ಅಂಥವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಗುಟ್ಟಾಗಿ ಪರೀಕ್ಷೆ ಮಾಡುವ ಕೇಂದ್ರವೇ ಬೇರೆ ಇದೆ.

ಒಂದು ಪ್ರಶ್ನೆ ಖಂಡಿತ ಬರುತ್ತದೆ: "ನಾವು ಸುಮ್ನೆ ಕೊಡ್ತೀವಿ, ಆಸ್ಪತ್ರೆಯವರು ಯಾಕೆ ದುಡ್ಡು ತಗೊಳ್ತಾರೆ?" ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. ಚೀಲ, ಪರೀಕ್ಷೆ, ಶೇಖರಣೆಯ ಖರ್ಚಿಗೆ ಸರ್ಕಾರ ಮಿತಿ ಹಾಕಿದ ಸಂಸ್ಕರಣಾ ಶುಲ್ಕ ಮಾತ್ರ ತೆಗೆದುಕೊಳ್ಳಬಹುದು. ಈ ಉತ್ತರ ನಿಮ್ಮ ತಂಡದ ಎಲ್ಲರಿಗೂ ಬಾಯಿಪಾಠ ಇರಲಿ.

ಸಮಯದ ಚೀಟಿ ಕೊಡಿ. ಆರು ಮಂಚ ಇದ್ದರೆ, ಒಂದು ಮಂಚಕ್ಕೆ ಒಬ್ಬರಿಗೆ 15 ನಿಮಿಷದಂತೆ ಗಂಟೆಗೆ 24 ಜನ. ಅಂದರೆ ಅರ್ಧ ಗಂಟೆಗೆ 12 ಚೀಟಿ. ವಾಪಸ್ ಹೋಗುವವರು ಇರುತ್ತಾರೆ, ಬಾರದವರೂ ಇರುತ್ತಾರೆ, ಹಾಗಾಗಿ 15 ಕೊಟ್ಟರೂ ನಡೆಯುತ್ತದೆ. ಎಲ್ಲರನ್ನೂ ಒಂಬತ್ತೂವರೆಗೆ ಬನ್ನಿ ಅಂದರೆ ಸಾಲು ಗೇಟಿನವರೆಗೆ ಬೆಳೆಯುತ್ತದೆ, ಹಸಿವೂ ಬೆಳೆಯುತ್ತದೆ.

7. ಶಿಬಿರದ ದಿನ

ಬೆಳಗ್ಗೆ ತಿಂಡಿ ತಿನ್ನದವರು ನಿಮ್ಮ ದೊಡ್ಡ ತಲೆನೋವು. ಹಳ್ಳಿಯಿಂದ ಏಳು ಗಂಟೆ ಬಸ್ಸು ಹತ್ತಿ ಬರುವವರು ಹಾಗೇ ಬಂದಿರುತ್ತಾರೆ. ದೊಡ್ಡ ಪಾತ್ರೆಯಲ್ಲಿ ಅವಲಕ್ಕಿಯೋ ಉಪ್ಪಿಟ್ಟೋ ಮಾಡಿಸಿ, ಹೆಸರು ನೋಂದಾಯಿಸುವ ಮೇಜಿನ ಪಕ್ಕದಲ್ಲೇ ಇಡಿ. "ತಿಂಡಿ ಆಯ್ತಾ?" ಅನ್ನುವುದೇ ಮೊದಲ ಪ್ರಶ್ನೆಯಾಗಲಿ. ಕೊಡುವ ಮೊದಲು ಎರಡು ಲೋಟ ನೀರು ಕುಡಿಸಿ.

ಇನ್ನು ಉದ್ಘಾಟನೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನೆ. ನಾನು ಮಾಡಿದ ಮೊದಲ ಶಿಬಿರದಲ್ಲಿ ಇದೆಲ್ಲ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಸೆಕೆಯಲ್ಲಿ ಕಾದು ಕೂತಿದ್ದ ಇಬ್ಬರು ಸೂಜಿ ಕಾಣುವ ಮೊದಲೇ ತಲೆ ಸುತ್ತಿ ಕೂತರು. ಅವರನ್ನು ನೋಡಿ ಹತ್ತು ಜನ ಮನೆಗೆ ಹೋದರು. ತಪ್ಪು ನನ್ನದೇ. ಆಗಿನಿಂದ ನನ್ನ ನಿಯಮ: ಒಂದು ಕಡೆ ರಕ್ತದಾನ ಶುರುವಾಗಿರಲಿ, ಇನ್ನೊಂದು ಕೋಣೆಯಲ್ಲಿ ಇಪ್ಪತ್ತು ನಿಮಿಷದ ಸಭೆ ನಡೆಯಲಿ. ಅತಿಥಿಗಳಿಗೆ ಹಾರ, ಶಾಲು ಬೇಕೇ ಬೇಕು ಅನ್ನುವವರಿದ್ದರೆ ಆ ದುಡ್ಡಿಗೆ ಎಷ್ಟು ಡಜನ್ ಬಾಳೆಹಣ್ಣು ಬರುತ್ತದೆ ಅಂತ ಲೆಕ್ಕ ತೋರಿಸಿ.

ಸ್ವಯಂಸೇವಕರನ್ನು ಹೀಗೆ ಹಂಚಿ: ನೋಂದಣಿಗೆ ನಾಲ್ಕು ಜನ, ಸಾಲು ನೋಡಿಕೊಳ್ಳಲು ಇಬ್ಬರು, ಮಂಚದ ಪಕ್ಕ ಮಾತಾಡಿಸಲು ನಾಲ್ಕು, ತಿಂಡಿ ಮೇಜಿಗೆ ಮೂರು, ಓಡಾಟಕ್ಕೆ ಇಬ್ಬರು. ಮಂಚದ ಪಕ್ಕದವರ ಕೆಲಸ ಬರೀ ಹರಟೆ. ಕ್ರಿಕೆಟ್ಟು, ಸಿನಿಮಾ, ಏನಾದರೂ ಸರಿ. ಮೊದಲ ಸಲದವರ ಕಣ್ಣು ಚೀಲದ ಮೇಲೆ ಹೋಗದಂತೆ ನೋಡಿಕೊಳ್ಳಲಿ. ರಕ್ತ ತಾಗಿದ ಹತ್ತಿಯನ್ನು ಯಾರೂ ಬರಿಗೈಲಿ ಮುಟ್ಟಬಾರದು, ಅದು ಕೇಂದ್ರದವರು ತರುವ ಹಳದಿ ಚೀಲಕ್ಕೆ ಹೋಗಬೇಕು.

ಕೊಟ್ಟ ಮೇಲೆ ಹತ್ತು ನಿಮಿಷ ಮಲಗಿರಲಿ, ಆಮೇಲೆ ತಿಂಡಿ ಮೇಜಿನಲ್ಲಿ ಇನ್ನೊಂದು ಹದಿನೈದು ನಿಮಿಷ ಕೂರಲಿ. ತಲೆ ಸುತ್ತುವುದು ಹೆಚ್ಚಾಗಿ ಎದ್ದು ಓಡುವವರಿಗೆ, ಅದರಲ್ಲೂ "ನಂಗೇನೂ ಆಗಿಲ್ಲ" ಅನ್ನುವ ಗಟ್ಟಿ ಹುಡುಗರಿಗೆ. ಯಾರಾದರೂ ಬೆವರಿ ಬಿಳಚಿಕೊಂಡರೆ ಅಲ್ಲೇ ನೆಲದ ಮೇಲೆ ಮಲಗಿಸಿ, ಕಾಲು ಎತ್ತಿ ಹಿಡಿಯಿರಿ, ಡಾಕ್ಟರನ್ನು ಕೂಗಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಸುತ್ತ ಗುಂಪು ಕಟ್ಟಬೇಡಿ, ವಿಡಿಯೋ ಅಂತೂ ಬೇಡವೇ ಬೇಡ. ಆ ದಿನ ಜಿಮ್, ಕಬಡ್ಡಿ, ಭಾರ ಎತ್ತುವುದು ಬೇಡ. ಬೈಕಿನಲ್ಲಿ ಬಂದವರನ್ನು ಅರ್ಧ ಗಂಟೆಯಾದರೂ ಕೂರಿಸಿಯೇ ಕಳಿಸಿ.

8. ಸುದ್ದಿ ಮತ್ತು ವರದಿ

ಪತ್ರಿಕೆಗೆ ಅದೇ ದಿನ ಸಂಜೆ ಐದರೊಳಗೆ ಕಳಿಸಿ. 120 ಪದ, ಒಂದು ಫೋಟೊ. ಎಲ್ಲರೂ "ಶಿಬಿರವನ್ನು ಉದ್ಘಾಟಿಸಿ ಮಾತನಾಡಿದರು" ಅಂತ ಶುರು ಮಾಡುತ್ತಾರೆ. ನೀವು ಎಷ್ಟು ಜನ ಕೊಟ್ಟರು, ಅದರಲ್ಲಿ ಮೊದಲ ಸಲದವರು ಎಷ್ಟು, ರಕ್ತ ಯಾವ ಕೇಂದ್ರಕ್ಕೆ ಹೋಯಿತು, ಇದರಿಂದ ಶುರು ಮಾಡಿ. ಅತಿಥಿಗಳ ಹೆಸರು ಕೊನೆಗೆ ಬರಲಿ.

ಮಂಚದ ಮೇಲೆ ಮಲಗಿದವರ ಫೋಟೊ ತೆಗೆಯುವ ಮೊದಲು ಕೇಳಿ. ವಾಪಸ್ ಹೋದವರ ಹೆಸರು ಎಲ್ಲೂ ಬರಬಾರದು, ವಾಟ್ಸಾಪ್ ಗ್ರೂಪಿನಲ್ಲಿ ತಮಾಷೆಗೂ ಬೇಡ. ಹೆಸರು, ಫೋನ್ ನಂಬರ್, ಗುಂಪು ಇರುವ ಪಟ್ಟಿಯನ್ನು ಫಾರ್ವರ್ಡ್ ಮಾಡುತ್ತಾ ಹೋದರೆ ಅದು ಎಲ್ಲಿಗೆ ಮುಟ್ಟುತ್ತದೋ ಹೇಳಲಾಗದು. ಒಬ್ಬರೇ ಇಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಏನಾದರೂ ಕಂಡರೆ ಕೇಂದ್ರದವರು ಆ ವ್ಯಕ್ತಿಗೆ ನೇರವಾಗಿ ತಿಳಿಸುತ್ತಾರೆ, ಅದನ್ನು ಕೇಳುವ ಹಕ್ಕು ಕಾಲೇಜಿಗೂ ಇಲ್ಲ, ನಿಮಗೂ ಇಲ್ಲ.

9. ಮೂರು ತಿಂಗಳ ನಂತರ

ಮರುದಿನ ಎಲ್ಲರಿಗೂ "ಹೇಗಿದ್ದೀರಿ?" ಅಂತ ಒಂದು ಮೆಸೇಜು ಹಾಕಿ. ವಾರದೊಳಗೆ ಸರ್ಟಿಫಿಕೇಟ್ ಕೈಗೆ ಸಿಗಲಿ, ಅದಕ್ಕಾಗಿ ಮಕ್ಕಳು ಅಲೆಯುವಂತೆ ಮಾಡಬೇಡಿ. ಒಂದು ತಿಂಗಳ ಮೇಲೆ ಕೇಂದ್ರಕ್ಕೆ ಫೋನ್ ಮಾಡಿ, ನಿಮ್ಮ ಶಿಬಿರದ ರಕ್ತ ಎಷ್ಟು ಬಳಕೆಯಾಯಿತು ಅಂತ ಕೇಳಿ ನೋಟಿಸ್ ಬೋರ್ಡಿಗೆ ಹಾಕಿ. ಇದನ್ನು ಬಹಳ ಕಡಿಮೆ ಜನ ಮಾಡುತ್ತಾರೆ, ಆದರೆ ಕೊಟ್ಟವರು ಓದುವುದು ಇದನ್ನೇ.

ಆಮೇಲೆ ಮೊಬೈಲ್‌ನಲ್ಲಿ ಎರಡು ತಾರೀಕು ಗುರುತು ಮಾಡಿಟ್ಟುಕೊಳ್ಳಿ. ಶಿಬಿರ ಆಗಸ್ಟ್ 20ಕ್ಕೆ ಆಗಿದ್ದರೆ ಹುಡುಗರಿಗೆ ನವೆಂಬರ್ 18, ಹುಡುಗಿಯರಿಗೆ ಡಿಸೆಂಬರ್ 18. ಆ ದಿನ "ನೀವು ಈಗ ಮತ್ತೆ ಕೊಡಬಹುದು, ಕೇಂದ್ರ ಬೆಳಗ್ಗೆ ಇಷ್ಟು ಗಂಟೆಗೆ ತೆರೆಯುತ್ತದೆ" ಅಂತ ಎರಡು ಸಾಲು ಕಳಿಸಿ. ಪರೀಕ್ಷೆ ನಡೆಯುತ್ತಿದ್ದರೆ ಮುಗಿಯುವವರೆಗೆ ತಡೆಯಿರಿ. ಮುಂದಿನ ವರ್ಷದ ಲೀಡರ್‌ಗೆ ಪಟ್ಟಿ ಕೊಡುವಾಗ ಯಾರು ಎಷ್ಟನೇ ಸಲ ಕೊಟ್ಟರು ಅನ್ನುವ ಒಂದು ಕಾಲಂ ಸೇರಿಸಿ ಕೊಡಿ.